ಬೋರ ಮಕ್ಕಳನ್ನು ಉತ್ತರದ ಕಡೆಗೆ ನಡೆಸಿದ್ದು

ಇದು ನಡೆದದ್ದು ಜೂನ್ ತಿಂಗಳ ಎರಡನೆಯ ವಾರ, ಸೋಮವಾರದಿಂದ ಗುರುವಾರದವರೆಗೆ.

ಸಣ್ಣತಾಯಮ್ಮ ಊರಿನ ಶಿಶುವಿಹಾರ ನಡೆಸುತ್ತಿದ್ದಳು. ಅವಳಿಗೊಬ್ಬ ಮಗ, ಬೋರ. ಎತ್ತು ಕಟ್ಟೋ ಅಂದರೆ ಗೂಟವನ್ನೇ ಎತ್ತಿ ಕಟ್ಟುವವನು!

ಸೋಮವಾರ ಬೆಳಿಗ್ಗೆ ಸಣ್ಣತಾಯಮ್ಮನ ಕಾಲು ಉಳುಕಿತು. ಗುರುವಾರ ಮೇಲ್ವಿಚಾರಕಿ ಬಂದು ಮಕ್ಕಳ ತಲೆ ಎಣಿಸುವವರಿದ್ದರು. ಇಪ್ಪತ್ತಕ್ಕೆ ಒಂದು ಕಮ್ಮಿಯಾದರೂ ಶಿಶುವಿಹಾರಕ್ಕೆ ಬೀಗ. ಬೇರೆ ದಾರಿ ಕಾಣದೆ ಬೋರನನ್ನೇ ಕಳಿಸಿದಳು. ಕಳಿಸಿ ಮಂಚದ ಮೇಲೆ ಕೂತಳು. ಎದ್ದಳು. ಮತ್ತೆ ಕೂತಳು.

ಮಧ್ಯಾಹ್ನ ಬೋರ ಬಂದ.

"ಏನ್ಲಾ ಮಾಡ್ದೆ?"

"ಪುಟ್ಟಿ ಕೇಳ್ತು ಕಣವ್ವ, 'ನೆನ್ನೆ ಎಲ್ಲಿಗೆ ಹೋಯ್ತು ಬೋರಣ್ಣ?' ಅಂತ. ಬಾಯ್ಮುಚ್ಚು ಅಂದೆ."

"ಅಯ್ಯೋ ನಿನ್ ಬಾಯಿಗೆ ಮಣ್ಣಾಕ! ಎಂಥ ಮಾತು ಕೇಳ್ತು ಆ ಮಗ! ಬಾಯಿ ಮುಚ್ಚಿಸಿದ್ರೆ ನಾಳೆ ಯಾರ್ಲಾ ಬರ್ತಾರೆ? ಮಕ್ಳು ಹಂಗೆ ಕೇಳಿದಾಗ ಅವರ ತಲೆಗೆ ಕೆಲಸ ಕೊಡ್ಬೇಕು!"

"ಹಂಗೇ ಆಗ್ಲಿ ಕಣವ್ವ."

ಮಂಗಳವಾರ ಒಬ್ಬ ಹುಡುಗ ಕೇಳಿದ, "ಬೋರಣ್ಣ, ಇರುವೆಗೆ ತಾನು ಸಣ್ಣದು ಅಂತ ಗೊತ್ತಾ?" ಬೋರ ಅವನ ತಲೆಯ ಮೇಲೆ ಸೌದೆ ಹೊರೆ ಇಟ್ಟ. "ನೆರಳನ್ನ ತುಳಿದ್ರೆ ಅದಕ್ಕೆ ನೋವಾಗುತ್ತಾ?" ಅಂದವಳ ತಲೆಯ ಮೇಲೆ ನೀರಿನ ಬಿಂದಿಗೆ. ಮಧ್ಯಾಹ್ನಕ್ಕೆ ತಾಯಂದಿರು ಸಣ್ಣತಾಯಮ್ಮನ ಜಗಲಿ ಹತ್ತಿದರು.

"ನನ್ ಮಗಳೇನು ಕೂಲಿ ಆಳಾ ಸಣ್ಣತಾಯಕ್ಕ? ಇನ್ನೊಂದಿನ ನೋಡ್ತೀವಿ, ಅಷ್ಟೇ!"

ಅವರು ಹೋದದ್ದೇ ತಡ, ಸಣ್ಣತಾಯಮ್ಮ ಪೊರಕೆ ಎತ್ತಿದಳು. "ತಲೆ ಅಂದ್ರೆ ಬುದ್ಧಿ ಕಣ್ಲಾ, ಬುದ್ಧಿ! ನೋಡು, ಮಗ ಏನಾರ ಕೇಳ್ತೋ, ತಿರುಗಿಸಿ ಅದನ್ನೇ ಕೇಳು. 'ನಿಂಗೇನನ್ಸುತ್ತೆ?' ಅನ್ನು. ಅಷ್ಟು ಮಾಡು ಸಾಕು!"

"ಹಂಗೇ ಆಗ್ಲಿ ಕಣವ್ವ."

ಬುಧವಾರ ಬೋರ ಒಂದೊಂದು ಮಗುವನ್ನೂ ಭುಜ ಹಿಡಿದು ಬುಗುರಿಯ ಹಾಗೆ ತಿರುಗಿಸಿದ. ತಿರುಗಿಸಿ ಕೇಳಿದ, "ನಿಂಗೇನನ್ಸುತ್ತೆ?"

"ತಲೆ ಸುತ್ತುತ್ತೆ ಬೋರಣ್ಣ! ಇನ್ನೊಂದ್ಸಲ!"

ಇನ್ನೊಂದು ಸಲ ತಿರುಗಿಸಿದ. ಮೂವರು ವಾಂತಿ ಮಾಡಿದರು. ಸಣ್ಣತಾಯಮ್ಮ ಹಣೆ ಚಚ್ಚಿಕೊಂಡಳು.

"ತಿರುಗಿಸ್ಬೇಡ! ಹೊರಿಸ್ಬೇಡ! ಬಾಯಿ ಮುಚ್ಚಿಸ್ಬೇಡ! ನೀನಾಗಿ ಏನೂ ಹೇಳ್ಲೂಬೇಡ! ಮಕ್ಕಳ ಕೈ ಹಿಡಿದು ಒಂದೊಂದೇ ಹೆಜ್ಜೆ ಉತ್ತರದ ಕಡೆಗೆ ನಡೆಸ್ಬೇಕು ಕಣ್ಲಾ. ನಡುವೆ ಎಲ್ಲೂ ಕೈ ಬಿಡ್ಬಾರ್ದು!"

"ಉತ್ತರದ ಕಡೆಗಾ?"

"ಹೂಂ ಕಣ್ಲಾ, ಉತ್ತರದ ಕಡೆಗೇ!"

ಬೋರ ಎಲ್ಲ ತಿಳಿದವನ ಹಾಗೆ ತಲೆಯಾಡಿಸಿದ.

ಗುರುವಾರ ಇಪ್ಪತ್ತನಾಲ್ಕು ಮಕ್ಕಳು ಬಂದವು. ಬುಗುರಿಯಾಟದ ಸುದ್ದಿ ಕೇಳಿ ಪಕ್ಕದ ಬೀದಿಯವೂ ಬಂದಿದ್ದವು. ಪುಟ್ಟಿ ಕೇಳಿದಳು, "ಬೋರಣ್ಣ, ನನ್ನ ಕನಸಲ್ಲಿ ಬಂದ ನಾಯಿ ಈಗ ಎಲ್ಲಿದೆ?"

ಬೋರ ಏನೂ ಹೇಳಲಿಲ್ಲ. ಅವಳ ಕೈ ಹಿಡಿದ. ಉತ್ತರ ಯಾವ ಕಡೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಕಡೆಗೆ ತಲೆ ಹಾಕಿ ಮಲಗಬಾರದು ಅಂತ ಅವ್ವನೇ ಕಲಿಸಿದ್ದಳು. ಒಬ್ಬರ ಕೈ ಒಬ್ಬರು ಹಿಡಿದು ಸಾಲು ಹೊರಟಿತು. ಸಾಲಿನಲ್ಲಿ ಮಕ್ಕಳೇ ಮಾತಿಗಿಳಿದವು.

"ನೀನು ಎದ್ದಾಗ ನಾಯಿನೂ ಎದ್ದಿರುತ್ತೆ."

"ಎದ್ದು ಎಲ್ಲಿಗೆ ಹೋಗುತ್ತೆ?"

"ಅದರ ಕನಸಲ್ಲಿ ನೀನೇ ಇದ್ಯೇನೋ!"

"ಹಂಗಾದ್ರೆ ಈಗ ನಾನೆಲ್ಲಿದೀನಿ?"

ಬೋರ ಒಂದೊಂದೇ ಹೆಜ್ಜೆ ಇಟ್ಟ.

ಸಣ್ಣತಾಯಮ್ಮ ಕಿಟಕಿಯಿಂದ ಸಾಲು ಕಂಡಳು. ದೊಣ್ಣೆ ಊರಿಕೊಂಡು ಕುಂಟುತ್ತ ಊರ ಹೊರಗಿನ ನಾಲೆಯವರೆಗೆ ಓಡಿದಳು.

"ಲೋ ಬೋರಾ! ಎಲ್ಲಿಗ್ಲಾ?"

"ಉತ್ತರಕ್ಕೆ ಕಣವ್ವಾ! ನೀನೇ ಅಂದ್ಯಲ್ಲ!"

"ಅಯ್ಯೋ ಮೇಲ್ವಿಚಾರಕಿ ಬರೋ ಹೊತ್ತಾಯ್ತು! ಹಿಂದಕ್ಕೆ ತಿರುಗ್ಲಾ! ತಿರುಗಿ ನಡಿ!"

"ಹಂಗೇ ಆಗ್ಲಿ ಕಣವ್ವಾ!"

ಬೋರ ಹಿಂದಕ್ಕೆ ತಿರುಗಿದ. ಇಪ್ಪತ್ತನಾಲ್ಕು ಮಕ್ಕಳೂ ತಿರುಗಿದವು. ಎಲ್ಲರೂ ಸಣ್ಣತಾಯಮ್ಮನ ಮುಖವನ್ನೇ ನೋಡುತ್ತ, ಕೈ ಬಿಡದೆ, ಬೆನ್ನು ಮುಂದಾಗಿ ಒಂದೊಂದೇ ಹೆಜ್ಜೆ ಉತ್ತರಕ್ಕೆ ನಡೆದರು.

ಹತ್ತು ಗಂಟೆಗೆ ಮೇಲ್ವಿಚಾರಕಿ ಶಿಶುವಿಹಾರದ ಬಾಗಿಲಲ್ಲಿ ಇಣುಕಿದರು. ಚಾಪೆಗಳನ್ನು ನೋಡಿದರು. ಪುಸ್ತಕ ತೆರೆದು ಹಾಜರಿ ಬರೆದರು: ಸೊನ್ನೆ.