ಇಲಿಮರಿಗಳು ಹೆಗ್ಗತ್ತು ಮೂಸಿ ಆಡುವುದೇಕೆ

ಭೂಮಿ ಆಗಷ್ಟೇ ಹುಟ್ಟಿದ್ದ ಕಾಲ. ಹೊಳೆಗೆ ಇನ್ನೂ ತನ್ನ ದಾರಿ ಗೊತ್ತಿರಲಿಲ್ಲ. ಇವತ್ತು ಈ ಕಡೆ ಹರಿದರೆ ನಾಳೆ ಆ ಕಡೆ. ಗಾಳಿಗೂ ಹೆಚ್ಚು ಕೆಲಸವಿರಲಿಲ್ಲ. ಕಂಡವರ ಮನೆಯ ವಿಷಯಕ್ಕೆಲ್ಲ ಮೂಗು ತೂರಿಸಿಕೊಂಡು ಓಡಾಡುತ್ತಿತ್ತು.

ಹೊಳೆಯ ದಂಡೆಯ ಬಿಲವೊಂದರಲ್ಲಿ ನುಚ್ಚವ್ವ ಎಂಬ ಇಲಿ ಇದ್ದಳು. ಅವಳಿಗೆ ಕಾಳು ಎಂದರೆ ಪ್ರಾಣ, ಮರಿಗಳಿಗೂ ಅವೇ ಹೆಸರು. ರಾಗಿ, ಹಾರಕ, ನವಣೆ, ಎಲ್ಲರಿಗಿಂತ ಚಿಕ್ಕವನು ಸಾಸಿವೆ. ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ನುಚ್ಚವ್ವ ಹಾಲು ಕೊಡುವಳು, ನೆಕ್ಕುವಳು. ಮತ್ತೆ ಹಾಲು ಕೊಡುವಳು, ಮತ್ತೆ ನೆಕ್ಕುವಳು. ಬೇರೆ ಕೆಲಸವೇ ಇಲ್ಲವೇನೋ ಎನ್ನುವ ಹಾಗೆ.

ಒಂದು ಬೆಳಿಗ್ಗೆ ಹೊಳೆ ಕೂಗಿತು. "ನುಚ್ಚವ್ವಾ, ಒಸಿ ಸರ್ಕೊ. ನಾನಿವತ್ತು ಈ ಕಡೆ ಬತ್ತಾ ಇವ್ನಿ."

"ಒಸಿ ನಿಂತ್ಕೊ ತಾಯಿ, ಮಕ್ಳವ್ರೆ."

"ನಿಲ್ಲೋದು ಹೆಂಗೆ ಅಂತ ನಾನಿನ್ನೂ ಕಲ್ತಿಲ್ವಲ್ಲ ನುಚ್ಚವ್ವಾ."

ನುಚ್ಚವ್ವ ಒಂದೊಂದೇ ಮರಿಯ ಹೆಗ್ಗತ್ತಿಗೆ ಮೆಲ್ಲಗೆ ಬಾಯಿ ಹಾಕಿ, ಕತ್ತಿನ ಹಿಂದಿನ ಸಡಿಲ ಚರ್ಮ ಹಿಡಿದು, ದಿಬ್ಬದ ಮೇಲಿಟ್ಟು ಬಂದಳು. ಸಾಸಿವೆ ಒಬ್ಬ ಉಳಿದಾಗ ನೀರು ಬಿಲಕ್ಕೆ ನುಗ್ಗಿತು. ಅಲ್ಲೇ ಸುಳಿದಾಡುತ್ತಿದ್ದ ಗಾಳಿ ಮರಿಯನ್ನು ತಟಕ್ಕನೆ ಎತ್ತಿಕೊಂಡು ಆಚೆ ದಡದ ಆಲದ ಮರದ ಪೊಟರೆಯಲ್ಲಿ ಇಟ್ಟಿತು. ನಡುವೆ ಹೊಳೆ. ನುಚ್ಚವ್ವ ದಾಟುವುದು ಹೇಗೆ?

"ಅಳ್ಬ್ಯಾಡ ಕನವ್ವಾ, ನಾನ್ ನೋಡ್ಕತೀನಿ" ಎಂದಿತು ಗಾಳಿ.

ಮಾತಿಗೆ ತಪ್ಪಲಿಲ್ಲ. ಬೂರುಗದ ಹತ್ತಿ ತಂದು ಹಾಸಿತು. ಆಗಿನ್ನೂ ಆಲದ ಹಾಲು ಸಿಹಿಯಾಗಿತ್ತು, ಅದನ್ನೇ ಹನಿಹನಿಯಾಗಿ ಕುಡಿಸಿತು. ಸಾಸಿವೆ ಗುಂಡಗುಂಡಗೆ ಬೆಳೆದ, ಕಣ್ಣು ಬಿಟ್ಟ. ಹೊಳೆ ಬೇರೆ ಕಡೆ ಹೊರಳಿದ ಮೇಲೆ ಗಾಳಿ ಅವನನ್ನು ಹೆಮ್ಮೆಯಿಂದ ತಂದೊಪ್ಪಿಸಿತು.

ಅಷ್ಟರಲ್ಲಿ ಅಣ್ಣಂದಿರೂ ಅಕ್ಕನೂ ಆಟದಲ್ಲಿ ಮುಳುಗಿಹೋಗಿದ್ದರು. ಒಬ್ಬರ ಮೇಲೊಬ್ಬರು ಹಾರುವುದು, ಸಿಕ್ಕಿದ್ದು ಹಿಡಿಯುವುದು, ಬಾಲವಾದರೆ ಬಾಲ, ಕಾಲಾದರೆ ಕಾಲು. ನವಣೆ ಖುಷಿಯಲ್ಲಿ ಓಡಿಬಂದು ತಮ್ಮನ ಮೇಲೆ ಹಾರಿದಳು. ಸಾಸಿವೆಗೆ ಅದು ಆಟ ಎಂದು ಹೇಗೆ ತಿಳಿಯಬೇಕು? ತನ್ನನ್ನು ಕೊಲ್ಲಲು ಬಂದರು ಎಂದುಕೊಂಡು ಕಚ್ಚಿಯೇಬಿಟ್ಟ. ನವಣೆಯ ಕಿವಿಯ ತುದಿ ಹರಿದುಹೋಯಿತು.

"ಇವ್ನ ಸಾವಾಸ ಬ್ಯಾಡ" ಎಂದ ರಾಗಿ. ಹಾರಕನೂ ಹೂಂಗುಟ್ಟಿದ. ಮಧ್ಯಾಹ್ನ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಮಲಗಿದರೆ ಸಾಸಿವೆ ಒಬ್ಬನೇ ಬಿಲದ ಬಾಗಿಲಲ್ಲಿ. ಚಳಿ ಬಂದರೆ ಒಂಟಿ ಮರಿ ಉಳಿಯುವುದಿಲ್ಲ. ಅದು ನುಚ್ಚವ್ವನಿಗೆ ಚೆನ್ನಾಗಿ ಗೊತ್ತಿತ್ತು.

ಗಾಳಿಯನ್ನು ನಿಲ್ಲಿಸಿ ಕೇಳಿದಳು. "ನನ್ ಮಗೀಗೆ ಏನ್ ಕಮ್ಮಿ ಮಾಡ್ದೆ?"

"ಹಾಲು ಕೊಟ್ಟೆ. ಬೆಚ್ಚಗೆ ಮಡಗ್ದೆ. ಇನ್ನೇನವ್ವ ಬೇಕು?"

"ನೆಕ್ಕಿದ್ಯಾ?"

ಗಾಳಿ ಪೆಚ್ಚಾಯಿತು. "ನಂಗೆ ನಾಲ್ಗೆ ಎಲ್ಲೈತೆ ನುಚ್ಚವ್ವಾ" ಎಂದು ಸಣ್ಣ ದನಿಯಲ್ಲಿ ಹೇಳಿತು.

ನುಚ್ಚವ್ವ ಬೈಯಲಿಲ್ಲ. ಸೀದಾ ಮನೆಗೆ ಬಂದು ಸಾಸಿವೆಯ ಹೆಗ್ಗತ್ತಿಗೆ ಬಾಯಿ ಹಾಕಿ ಹೊತ್ತಳು. ಹೊತ್ತಳು ಅನ್ನುವುದಕ್ಕಿಂತ ಎಳೆದಳು ಅನ್ನಬೇಕು, ಅಷ್ಟು ದಪ್ಪಗಾಗಿದ್ದ. ಮಡಿಲಲ್ಲಿ ಹಾಕಿಕೊಂಡು ಆ ಜಾಗವನ್ನೇ ನೆಕ್ಕಿದಳು. ಅವನು ಕೊರಡಿನ ಹಾಗೆ ಸೆಟೆದುಕೊಂಡ. ಅವಳು ಬಿಡಲಿಲ್ಲ. ಮಾರನೆಯ ದಿನವೂ ನೆಕ್ಕಿದಳು, ಅದರ ಮಾರನೆಯ ದಿನವೂ ನೆಕ್ಕಿದಳು. ಕೊನೆಗೊಂದು ದಿನ ಅವನ ಮೈ ಸಡಿಲವಾಯಿತು. ಅಲ್ಲೇ ನಿದ್ದೆ ಹೋದ.

ನವಣೆ ದಿನಾ ಇದನ್ನು ನೋಡುತ್ತಿದ್ದಳು. ತಮ್ಮ ಎದ್ದ ಮೇಲೆ ಮೆಲ್ಲಗೆ ಹತ್ತಿರ ಬಂದಳು. ಈ ಸಲ ಹಾರಲಿಲ್ಲ. ಅವ್ವ ನೆಕ್ಕುವ ಜಾಗಕ್ಕೇ ಮೂಗು ತಾಗಿಸಿದಳು. ಸಾಸಿವೆ ಹಲ್ಲು ಬಿಟ್ಟ. ಆದರೆ ಹೆಗ್ಗತ್ತು ಬೆಚ್ಚಗಾಯಿತು, ಹಲ್ಲು ಒಳಗೆ ಹೋಯಿತು, ಪಲ್ಟಿ ಹೊಡೆದು ನಾಲ್ಕು ಕಾಲೂ ಮೇಲೆ ಮಾಡಿ ಮಲಗಿಬಿಟ್ಟ.

"ಏಳೋ ಸೋಮಾರಿ, ಈಗ ನಿನ್ ಸರದಿ" ಎಂದು ನವಣೆ ಬೆನ್ನು ತಿರುಗಿಸಿ ತನ್ನ ಹೆಗ್ಗತ್ತು ಕೊಟ್ಟಳು. ಕಿವಿಯ ಗಾಯ ಇನ್ನೂ ಮಾಗಿರಲಿಲ್ಲ. ಸಾಸಿವೆ ಬಾಯಿ ತೆರೆದ. ಬಾಯಿ ಮುಚ್ಚಿದ. ಮೂಗನ್ನಷ್ಟೇ ತಾಗಿಸಿದ. ನವಣೆ ಕಿಚಕಿಚ ನಗುತ್ತಾ ಉರುಳಿದಳು. ರಾಗಿ, ಹಾರಕ ಇಬ್ಬರೂ ನಮಗೂ ನಮಗೂ ಎಂದು ಓಡಿಬಂದರು. ಅವತ್ತು ಮಧ್ಯಾಹ್ನ ಸಾಸಿವೆ ಎಲ್ಲರ ನಡುವೆ, ಎಲ್ಲರಿಗಿಂತ ಕೆಳಗೆ ಮಲಗಿ ಗೊರಕೆ ಹೊಡೆದ.

ಅದಕ್ಕೇ ಮಗೂ, ಇವತ್ತಿಗೂ ಇಲಿಮರಿಗಳು ಕುಸ್ತಿಗೆ ಇಳಿದಾಗ ಮೂಗು ಸೀದಾ ಹೆಗ್ಗತ್ತಿಗೇ ಹೋಗುತ್ತದೆ, ಒಬ್ಬರು ಅಂಗಾತ ಬೀಳುತ್ತಾರೆ, ಆಮೇಲೆ ಎದ್ದು ಇನ್ನೊಬ್ಬರಿಗೆ ಸರದಿ ಕೊಡುತ್ತಾರೆ. ಅಷ್ಟು ಹೊತ್ತು ಗುದ್ದಾಡಿದರೂ ಯಾರಿಗೂ ಗಾಯವಾಗುವುದಿಲ್ಲ, ಏಕೆಂದರೆ ಅವ್ವ ನೆಕ್ಕಿದ ಜಾಗವನ್ನು ಕಚ್ಚಲು ಯಾರಿಗೂ ಮನಸ್ಸು ಬರುವುದಿಲ್ಲ.