ಕೋಣನ ಉದ್ದ ಭಾಷಣ

ಕಾಡಿನ ಅಧ್ಯಕ್ಷ ಪದವಿಗೆ ನಿಂತಿದ್ದ ಕೋಣ, ಪಾಪ, ಕೆಟ್ಟವನೇನಲ್ಲ. ಆದರೆ ಪಕ್ಷದ ಮಹಾಧಿವೇಶನ ಅಂದಮೇಲೆ ಕೇಳಬೇಕೇ! ಬೆಳಿಗ್ಗೆ ಕಪ್ಪೆಗಳಿಗೆ, "ಈ ಸಲ ದುಪ್ಪಟ್ಟು ಮಳೆ ತರಿಸುತ್ತೇನೆ" ಎಂದ. ಮಧ್ಯಾಹ್ನ ಇರುವೆಗಳಿಗೆ, "ನಿಮ್ಮ ಗೂಡಿನ ಮೇಲೆ ಒಂದು ಹನಿಯೂ ಬೀಳದು" ಎಂದ. ಎರಡೂ ಕಡೆ ಭರ್ಜರಿ ಚಪ್ಪಾಳೆ.

ಸಂಜೆ ಅವನು ವೇದಿಕೆ ಏರಿದಾಗ ಮುದಿ ಇರುವೆಯೊಂದು ಅವನ ಕಿವಿಯವರೆಗೂ ಹತ್ತಿ ಬಂತು.

"ಸ್ವಾಮೀ, ನನ್ನ ವೋಟು ನಿಮಗೇ. ನಿಮ್ಮ ಮಾತು ನಂಬಿ ನಮ್ಮವರು ಸುಮ್ಮನೆ ಕೂತಿದ್ದಾರೆ. ಮೊಟ್ಟೆಗಳನ್ನು ದಿಬ್ಬಕ್ಕೆ ಸಾಗಿಸೋಣವೇ, ಬೇಡವೇ?"

ಕೋಣ ತಲೆಯೆತ್ತಿದ. ಮೋಡ ಕಪ್ಪಾಗಿತ್ತು.

"ಹಾಗೆ ಹೇಳದಿದ್ದರೆ ಸಭೆಗೆ ಯಾರು ಬರುತ್ತಿದ್ದರು, ಅಜ್ಜಿ?"

"ಬಂದಾಯಿತಲ್ಲ! ಈಗ ನಿಜ ಹೇಳಿ."

ಕೋಣ ಮೈಕಿನಿಂದ ಮೂತಿ ಸರಿಸಿ ಪಿಸುಗುಟ್ಟಿದ: "ಈಗಲೇ ಸಾಗಿಸಿ, ತಾಯಿ."

ಇರುವೆಗಳು ಗೂಡಿಗೆ ಓಡಿ, ಮೊಟ್ಟೆ ಹೊತ್ತು, ಸಭೆಯ ನಡುವೆಯೇ ಸಾಲಾಗಿ ದಿಬ್ಬದತ್ತ ಹೊರಟವು. ಅದನ್ನು ಅಭ್ಯರ್ಥಿಯ ಮೆರವಣಿಗೆ ಎಂದುಕೊಂಡ ಆನೆ, ಕರಡಿಗಳು ಜೈಕಾರ ಹಾಕುತ್ತಾ ಕುಣಿಯಲು ಎದ್ದವು. ಇರುವೆಗಳ ಸಾಲು ಅವುಗಳ ಕಾಲಡಿಯಲ್ಲೇ ಇತ್ತು.

"ಕೂತುಕೊಳ್ಳಿ! ಮುಖ್ಯ ವಿಷಯ ಇನ್ನೂ ಹೇಳಿಲ್ಲ!" ಎಂದು ಕೂಗಿದ ಕೋಣ, ಕೊನೆಯ ಮೊಟ್ಟೆ ದಿಬ್ಬ ಸೇರುವವರೆಗೂ ಭಾಷಣ ನಿಲ್ಲಿಸಲಿಲ್ಲ.

ಅವನ ಭಾಷಣದಿಂದ ಯಾರಿಗಾದರೂ ಉಪಕಾರವಾದದ್ದು ಅದೇ ಮೊದಲು.