ಬೋಳು ಬೆನ್ನಿನ ಮಿಡತೆ

ಗುಡ್ಡದ ಹುಲ್ಲುಗಾವಲಿನಲ್ಲಿ ಮಿಡತೆಗಳ ಪಂಚಾಯ್ತಿ ಸೇರಿತ್ತು. ರೆಕ್ಕೆ ನೋಡಿ ಯಾರು ಯಾವ ಕುಲವೆಂದು ಹೇಳುವುದು ಪಟೇಲ ಮಿಡತೆಯ ಕೆಲಸ. ಕುಲವುಳ್ಳವರಿಗೆ ಹುಲ್ಲಿನಲ್ಲಿ ಪಾಲು. ರೆಕ್ಕೆ ಮೂಡದ ಮರಿಗಳಿಗೆ ದೊಡ್ಡವರು ತಿಂದು ಬಿಟ್ಟ ಕಡ್ಡಿ.

ಗಿಡ್ಡಿ ಎಂಬ ಬೂದು ಮಿಡತೆ ಮರಿಗಳ ಸಾಲಿನಿಂದ ಎದ್ದು ಬಂದಳು. "ನಮ್ಮದೂ ಒಂದು ಕುಲ, ಪಟೇಲರೇ. ಪಾಲು ಕೊಡಿ."

"ಬೆನ್ನ ಮೇಲೆ ರೆಕ್ಕೆಯೇ ಇಲ್ಲವಲ್ಲ ಮಗೂ. ಇನ್ನೊಂದು ಸಲ ಪೊರೆ ಬಿಡು, ರೆಕ್ಕೆ ಬರುತ್ತದೆ. ಆಮೇಲೆ ನೋಡೋಣ."

"ಬಿಡುವ ಪೊರೆಯನ್ನೆಲ್ಲ ಬಿಟ್ಟಾಯಿತು. ಬೆಳೆದರೂ ನಾವು ಇರುವುದೇ ಹೀಗೆ."

"ಮಕ್ಕಳೆಲ್ಲ ಹಾಗೇ ಅನ್ನುವುದು" ಎಂದ ಪಟೇಲ. ಸಭೆ ನಕ್ಕಿತು.

ಗಿಡ್ಡಿಗೆ ಮೈಯೆಲ್ಲ ಉರಿಯಿತು. ಆದರೆ ಹೊಟ್ಟೆ ಭಾರವಾಗಿತ್ತು, ವಾದಕ್ಕೆ ಪುರುಸೊತ್ತಿರಲಿಲ್ಲ. ಪಟೇಲನ ಎದುರಿಗೇ ಹಸಿ ಮಣ್ಣಿಗೆ ಹೊಟ್ಟೆಯ ತುದಿ ಊರಿ ಸಾಲಾಗಿ ಮೊಟ್ಟೆಯಿಟ್ಟಳು. ನಗು ನಿಂತಿತು. ಮರಿಯೊಂದು ಮೊಟ್ಟೆಯಿಟ್ಟಿದ್ದನ್ನು ಆ ಗುಡ್ಡದಲ್ಲಿ ಯಾರೂ ಕಂಡಿರಲಿಲ್ಲ. ಮರಿಗಳ ಸಾಲಿನಲ್ಲಿ ಕೂತಿದ್ದ ಅವಳ ಕುಲದ ಬೋಳು ಬೆನ್ನಿನವರು ಒಬ್ಬೊಬ್ಬರಾಗಿ ಎದ್ದು, ತಲೆಯೆತ್ತಿಕೊಂಡು ಬಂದು ಅವಳ ಸುತ್ತ ನಿಂತರು.

ಪಟೇಲ ರೆಕ್ಕೆ ಮುದುರಿಕೊಂಡು ಹತ್ತಿರ ಬಂದ. "ತಪ್ಪಾಯಿತು ತಾಯಿ. ಇದು ನಾವು ಕಾಣದ ಕುಲ. ಗುಡ್ಡದ ನೆತ್ತಿಯ ಹುಲ್ಲೆಲ್ಲ ಇನ್ನು ನಿಮ್ಮದು. ಕುಲಕ್ಕೆ ಏನೆಂದು ಹೆಸರಿಡಲಿ?"

"ಹೆಸರು ಆಮೇಲೆ" ಎಂದಳು ಗಿಡ್ಡಿ. "ಮೊದಲು ಆಚೆ ಸರಿ ಮಗೂ. ನನ್ನ ಮಕ್ಕಳ ಮೇಲೆ ನಿಂತಿದ್ದೀಯ."